ಸಂಘದ ಫುಟ್‌ಬಾಲ್ ತಂಡದ ವಾರ್ಷಿಕ ವರದಿ: ಕಪ್‌ಗಳಿಗಿಂತ ಮೊದಲು ಏನು ಬರೆಯಬೇಕು?

ಮುಂಬಯಿಯ ಕನ್ನಡ ಸಂಘಗಳಲ್ಲಿ ಫುಟ್‌ಬಾಲ್ ವಿಭಾಗದ ವರದಿ ಎಂದರೆ ಗೆದ್ದ ಕಪ್, ದಾನಿಗಳ ಹೆಸರು, ಶಾಲು ಹೊದಿಸಿದ ಫೋಟೊ. ಆಡಳಿತದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ತಂಡಗಳು ಒಡೆಯುವುದು ಮಾತ್ರ ಅಲ್ಲೇ.

ಮೊದಲ ಪುಟದಲ್ಲಿ ಪದಾಧಿಕಾರಿಗಳ ಹೆಸರಿನ ಮುಂದೆ ಆಯ್ಕೆಯಾದ ದಿನ, ಅವಧಿ ಮುಗಿಯುವ ದಿನ ಬರೆಯಿರಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಎಡವಿದ್ದು ಇದರಲ್ಲೇ. ಅಧ್ಯಕ್ಷರ ಅವಧಿ 2020ರ ಡಿಸೆಂಬರ್‌ನಲ್ಲಿ ಮುಗಿದರೂ ಚುನಾವಣೆ ನಡೆಯಲಿಲ್ಲ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಎಂದು ಫಿಫಾ ಆಗಸ್ಟ್‌ನಲ್ಲಿ ಭಾರತವನ್ನು ಅಮಾನತು ಮಾಡಿತು. ಆಗಸ್ಟ್ 26ಕ್ಕೆ ಅದು ತೆರವಾಯಿತು, 17 ವರ್ಷದೊಳಗಿನ ಮಹಿಳಾ ವಿಶ್ವಕಪ್ ಫೈನಲ್ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯಲ್ಲೇ ನಡೆಯಿತು. ಆದರೆ ಏಷ್ಯಾ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ಕ್ಲಬ್‌ನ ಹುಡುಗಿಯರು ಆಡದೆ ವಾಪಸಾದರು. ತಪ್ಪು ಕುರ್ಚಿಯವರದು, ದಂಡ ಆಟಗಾರ್ತಿಯರಿಗೆ.

ಫಿಫಾ ತನ್ನ ಅಧ್ಯಕ್ಷರಿಗೆ 2016ರಿಂದ ನಾಲ್ಕು ವರ್ಷಗಳ ಮೂರು ಅವಧಿಯ ಮಿತಿ ಹಾಕಿಕೊಂಡಿದೆ. ಸಣ್ಣ ಸಂಘಕ್ಕೆ ಎರಡೇ ಧಾರಾಳ.

ಲೆಕ್ಕ ಏಪ್ರಿಲ್ 1ರ ಆರಂಭ ಶಿಲ್ಕಿನಿಂದ ಮಾರ್ಚ್ 31ರ ಪಾಸ್‌ಬುಕ್ ಮೊತ್ತದವರೆಗೆ ತಾಳೆಯಾಗಬೇಕು. ಮೈದಾನದ ಬಾಡಿಗೆ, ರೆಫರಿ ಶುಲ್ಕ, ಜರ್ಸಿ, ಚಹಾ-ತಿಂಡಿ ಬೇರೆ ಬೇರೆ ಸಾಲಿನಲ್ಲಿರಲಿ. ‘ಇತರೆ ಖರ್ಚು’ ಬಾಡಿಗೆಗಿಂತ ದೊಡ್ಡದಾದರೆ ಹಿಂದಿನ ಸಾಲಿನಿಂದ ಯಾರಾದರೂ ಏಳುತ್ತಾರೆ, ಏಳಲೇಬೇಕು. ಹೋಟೆಲಿನ ಶೆಟ್ಟರು ಜರ್ಸಿ ಅಂಗಡಿಗೆ ನೇರವಾಗಿ ದುಡ್ಡು ಕೊಟ್ಟರೂ ಸಂಘದ ರಸೀದಿ ಹರಿಯಿರಿ. ಇಲ್ಲದಿದ್ದರೆ ಹುಡುಗರ ಮೈಮೇಲೆ ಜರ್ಸಿ ಇರುತ್ತದೆ, ಪುಸ್ತಕದಲ್ಲಿರುವುದಿಲ್ಲ. ಕೋಚ್‌ನ ಸೋದರಳಿಯ ಆಯ್ಕೆಯಾದರೆ, ಆ ಚರ್ಚೆಯಲ್ಲಿ ಕೋಚ್ ಹೊರಗಿದ್ದರೆಂದು ನಡಾವಳಿಯಲ್ಲಿ ದಾಖಲಿಸಿ.

ಮಹಾಸಭೆಯಲ್ಲಿ ಜಗಳ ಹತ್ತುವುದು ಮತದಾರರ ಪಟ್ಟಿಯಿಂದ. ಸಭೆಯ ಬೆಳಿಗ್ಗೆ ಚಂದಾ ಕಟ್ಟಿ ಮಧ್ಯಾಹ್ನ ಕೈ ಎತ್ತುವವರು ಎಲ್ಲ ಕಡೆ ಇದ್ದಾರೆ. ನೋಟಿಸ್ ಹೊರಡುವ ದಿನವೇ ಪಟ್ಟಿ ಮುಚ್ಚಿ, ಸಂಘದ ಬೋರ್ಡಿಗೆ ಅಂಟಿಸಿ. ‘ಸರ್ವಾನುಮತ’ ಎಂದಷ್ಟೇ ಗೀಚಿದರೆ ಸಾಲದು. ಸೂಚಿಸಿದವರು, ಅನುಮೋದಿಸಿದವರು, ಬಿದ್ದ ಮತ ಎಲ್ಲವೂ ಬೇಕು.

ಸಮಿತಿ ಬದಲಾದರೆ, ಟ್ರಸ್ಟ್ ಆಗಿ ನೋಂದಾಯಿತ ಸಂಘ 90 ದಿನದೊಳಗೆ ಟ್ರಸ್ಟ್‌ಗಳ ಉಸ್ತುವಾರಿ ನೋಡುವ ಚ್ಯಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ಮುಂಬಯಿಯವರಿಗೆ ಆ ಕಚೇರಿ ವರ್ಲಿಯಲ್ಲಿದೆ. ಸಭೆಯ ನೋಟಿಸ್, ನಡಾವಳಿಯ ಪ್ರತಿ, ಹೊಸಬರ ಒಪ್ಪಿಗೆ ಪತ್ರ ಜೊತೆಗಿರಲಿ. ಹೆಚ್ಚಿನವರು ಮರೆಯುವುದು ಇದನ್ನೇ. ಆಮೇಲೆ ಸರಕಾರಿ ದಾಖಲೆಯಲ್ಲಿ ಹಳಬರ ಹೆಸರೇ ಉಳಿಯುತ್ತದೆ, ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹೋದ ಹೊಸ ಕೋಶಾಧಿಕಾರಿ ಬರಿಗೈಯಲ್ಲಿ ಮರಳುತ್ತಾರೆ.