ಹಾಲ್‌ಗೆ ಅನಿಮೆ ಆರಿಸುವುದು: ನನ್ನ ಅನುಭವ

ನಮ್ಮ ಅನಿಮೆ (ಜಪಾನಿನ ಆನಿಮೇಷನ್) ಬಳಗಕ್ಕೆ ಸಿನಿಮಾ ಆರಿಸುವ ಕೆಲಸ ನನ್ನ ತಲೆಗೆ ಬಂದಿದ್ದು ಬೇರೆ ಯಾರೂ ಕೈ ಎತ್ತಲಿಲ್ಲ ಅಂತ. ಬೆಂಗಳೂರಿನ ಒಂದು ಸೆಮಿನಾರ್ ಹಾಲ್, ತಿಂಗಳಿಗೊಂದು ಭಾನುವಾರ, ಪ್ಲಾಸ್ಟಿಕ್ ಕುರ್ಚಿ, ಬಾಡಿಗೆ ಪ್ರೊಜೆಕ್ಟರ್. ಬರುವವರಲ್ಲಿ ಅರ್ಧ ಜನ ಅನಿಮೆಯಲ್ಲೇ ಮುಳುಗಿದವರು. ಉಳಿದವರು ಅವರ ಜೊತೆ ಬಂದವರು: ತಂಗಿ, ರೂಮ್‌ಮೇಟ್, ಮಗ ಭಾನುವಾರ ಎಲ್ಲಿಗೆ ಹೋಗ್ತಾನೆ ನೋಡೋಣ ಅಂತ ಬಂದ ಅಮ್ಮ. ನಾನು ಪಟ್ಟಿ ಮಾಡುವುದು ಈ ಎರಡನೇ ಗುಂಪಿಗೆ. ಮೊದಲ ಗುಂಪು ಏನು ಹಾಕಿದರೂ ಬರುತ್ತದೆ, ಬಂದು ಜಗಳವಾಡುತ್ತದೆ.

ನಾವು ತೋರಿಸುವುದು ಫ್ಯಾಂಟಸಿ ಮತ್ತು ಸೈನ್ಸ್ ಫಿಕ್ಷನ್ ಮಾತ್ರ. ಹೈಸ್ಕೂಲ್ ಪ್ರೇಮ, ವಾಲಿಬಾಲ್ ಪಂದ್ಯ ಎಲ್ಲ ಮನೆಯಲ್ಲಿ ನೋಡಿಕೊಳ್ಳಬಹುದು.

ಸಿನಿಮಾ ಆರಿಸುವಾಗ ನಾನು ಕಥೆಗಿಂತ ಮೊದಲು ಬೆಳಕು ನೋಡುತ್ತೇನೆ. ನಮ್ಮ ಹಾಲ್‌ನ ಕಿಟಕಿಗಳಿಗೆ ಪರದೆ ಇದೆ, ಮೇಲಿನ ವೆಂಟಿಲೇಟರ್‌ಗಳಿಗೆ ಇಲ್ಲ. ಕಪ್ಪು ಚಾರ್ಟ್ ಪೇಪರ್ ಅಂಟಿಸಿದರೂ ಮಧ್ಯಾಹ್ನ ಮೂರು ಗಂಟೆಗೆ ಸ್ಕ್ರೀನ್ ಮೇಲೆ ಕಪ್ಪು ಅನ್ನುವುದು ಬರೀ ಬೂದು ಬಣ್ಣ. ಕಟ್ಸುಹಿರೊ ಒಟೊಮೊ ಅವರ 'ಅಕಿರಾ' (1988) ಆ ಹೊತ್ತಿಗೆ ಹಾಕಿದರೆ ಅರ್ಧ ಕಾಣುವುದೇ ಇಲ್ಲ. ಅದರ ಕಥೆ ಬಹುಪಾಲು ನಡೆಯುವುದೇ ರಾತ್ರಿಯಲ್ಲಿ. ಆ ಸಿನಿಮಾಕ್ಕೆ ಒಟ್ಟು 327 ಬಣ್ಣ ಬಳಸಿದರು, ಅದರಲ್ಲಿ 50 ಅದಕ್ಕೆಂದೇ ಹೊಸದಾಗಿ ತಯಾರಿಸಿದ್ದು. ಬೈಕುಗಳ ಹಿಂದಿನ ದೀಪ ಕತ್ತಲಲ್ಲಿ ಕೆಂಪು ಗೆರೆ ಎಳೆದುಕೊಂಡು ಹೋಗುತ್ತದಲ್ಲ, ಅದು ಕಾಣದಿದ್ದರೆ ಹಾಕಿ ಏನು ಪ್ರಯೋಜನ? ಹಾಗಾಗಿ 'ಅಕಿರಾ', 'ಘೋಸ್ಟ್ ಇನ್ ದಿ ಶೆಲ್' ಥರದವು ಸಂಜೆ ಆರೂವರೆಯ ಮೇಲೆ. ಮಧ್ಯಾಹ್ನಕ್ಕೆ ನಿರ್ದೇಶಕ ಹಯಾವೊ ಮಿಯಾಜಾಕಿಯವರ ಆಕಾಶ, ಹುಲ್ಲುಗಾವಲು: 'ಕ್ಯಾಸಲ್ ಇನ್ ದಿ ಸ್ಕೈ' (1986), 'ಮೈ ನೇಬರ್ ಟೊಟೊರೊ' (1988). ಇವು ಸ್ವಲ್ಪ ಬೆಳಕಿದ್ದರೂ ತಡೆದುಕೊಳ್ಳುತ್ತವೆ.

ಎರಡನೆಯದು ಸಬ್‌ಟೈಟಲ್. ಹಾಲ್‌ನ ನೆಲ ಸಮತಟ್ಟು. ಮುಂದಿನವರ ತಲೆ ಸರಿಯಾಗಿ ಸ್ಕ್ರೀನಿನ ಕೆಳಗಿನ ಎರಡು ಸಾಲಿಗೇ ಅಡ್ಡ ಬರುತ್ತದೆ. ಪ್ರೊಜೆಕ್ಟರ್ ಹಚ್ಚಿದ ಮೇಲೆ ನಾನು ಕೊನೆಯ ಸಾಲಿನಲ್ಲಿ ಕೂತು, ನಮ್ಮಲ್ಲಿ ಎಲ್ಲರಿಗಿಂತ ಎತ್ತರದವನನ್ನು ಮುಂದೆ ಕೂರಿಸಿ ಓದಿ ನೋಡುತ್ತೇನೆ. ಅಕ್ಷರ ಕಾಣದಿದ್ದರೆ ಚಿತ್ರವನ್ನೇ ಗೋಡೆಯ ಮೇಲಕ್ಕೆ ಎತ್ತಬೇಕು, ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಸಬ್ಬೋ ಡಬ್ಬೋ ಅನ್ನುವ ಜಗಳ ಇದ್ದದ್ದೇ. ಸಂಜೆಯ ಆಟಕ್ಕೆ ಜಪಾನಿ ಧ್ವನಿ, ಮಕ್ಕಳು ಬರುವ ಆಟಕ್ಕೆ ಇಂಗ್ಲಿಷ್ ಡಬ್. ಎರಡೂ ಕಷ್ಟ ಅನ್ನುವ ಹಿರಿಯರಿಗೆ ಅರ್ಧ ಪುಟ ಕನ್ನಡದಲ್ಲಿ ಕಥೆ ಬರೆದು, ಕೊನೆ ಮಾತ್ರ ಬಿಟ್ಟು, ಪ್ರಿಂಟ್ ಹಾಕಿಸಿ ಬಾಗಿಲಲ್ಲೇ ಕೊಡುತ್ತೇವೆ. ಇದು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಹುಡುಗರೂ ಕೇಳಿ ತಗೊಳ್ತಾರೆ.

ಸೈನ್ಸ್ ಫಿಕ್ಷನ್ ಮೊದಲ ಸಲ ನೋಡುವವರಿಗೆ ಎರಡು ಗಂಟೆಯದು ಬೇಡ. ನನಗೆ ಚೆನ್ನಾಗಿ ಒಗ್ಗಿದ ಜೋಡಿ ಒಂದಿದೆ. ಮೊದಲು ಮಕೊಟೊ ಶಿಂಕಾಯ್ ಹೆಚ್ಚುಕಮ್ಮಿ ಒಬ್ಬರೇ ಕಂಪ್ಯೂಟರ್ ಮುಂದೆ ಕೂತು ಮಾಡಿದ, 25 ನಿಮಿಷದ 'ವಾಯ್ಸಸ್ ಆಫ್ ಎ ಡಿಸ್ಟಂಟ್ ಸ್ಟಾರ್' (2002). ಹುಡುಗಿ ಯುದ್ಧಕ್ಕೆ ಅಂತ ಬಾಹ್ಯಾಕಾಶಕ್ಕೆ ಹೋಗಿದ್ದಾಳೆ, ಹುಡುಗ ಭೂಮಿಯಲ್ಲೇ ಇದ್ದಾನೆ. ಅವಳು ದೂರ ಹೋದಷ್ಟೂ ಮೆಸೇಜ್ ತಲುಪುವುದು ತಡ. ಸಿರಿಯಸ್ ನಕ್ಷತ್ರದ ಹತ್ತಿರದಿಂದ ಕಳಿಸಿದ್ದು ಬರಲು ಎಂಟು ವರ್ಷಕ್ಕೂ ಮೇಲೆ. ಅವರ ಕೈಯಲ್ಲಿರುವ ಬಟನ್ ಫೋನ್ ಕಂಡು ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಯಾರೂ ನಗುವುದಿಲ್ಲ. ಬೆಳಕಿನ ವೇಗ, ಜ್ಯೋತಿರ್ವರ್ಷ ಅಂತ ಪಾಠ ಮಾಡುವ ಕೆಲಸವೂ ಉಳಿಯಿತು.

ಚಹಾ ಆದ ಮೇಲೆ ಮಮೊರು ಒಶಿಯಿ ಅವರ 'ಘೋಸ್ಟ್ ಇನ್ ದಿ ಶೆಲ್' (1995). ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಅದರ ನಡುವೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಮಾತಿಲ್ಲದ ಭಾಗ ಬರುತ್ತದೆ. ಹಾಂಗ್‌ಕಾಂಗ್ ನೋಡಿಕೊಂಡು ಬರೆದ ಊರು. ನಾಯಕಿ ಮೇಜರ್ ದೋಣಿಯಲ್ಲಿ ಕಾಲುವೆಯುದ್ದಕ್ಕೂ ಹೋಗುತ್ತಾಳೆ. ಕಟ್ಟಡದ ಗಾಜಿನಾಚೆ ತನ್ನದೇ ಮುಖದ ಇನ್ನೊಬ್ಬಳು ಕೂತಿರುವುದು ಕಾಣುತ್ತದೆ. ಮಳೆ ಬರುತ್ತದೆ, ಕೊಡೆಗಳು ಬಿಚ್ಚಿಕೊಳ್ಳುತ್ತವೆ, ಅಂಗಡಿಯ ಗೊಂಬೆಗಳು ಸುಮ್ನೆ ನಿಂತಿರುತ್ತವೆ. ಹಿಂದೆ ಕೆಂಜಿ ಕವಾಯ್ ಅವರ ಸಂಗೀತ, ಹೆಂಗಸರ ಗುಂಪಿನ ಹಾಡು. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಫೋನಿನಲ್ಲಿ ನೋಡಿದವರನ್ನು ಕೇಳಿ, ಹೆಚ್ಚಿನವರು ಅದನ್ನು ಓಡಿಸಿಬಿಟ್ಟಿರುತ್ತಾರೆ. ಹಾಲ್‌ನಲ್ಲಿ ಓಡಿಸುವ ಬಟನ್ ಇಲ್ಲ. ನಾವು ಇಷ್ಟೆಲ್ಲ ಕುರ್ಚಿ ಎಳೆದಾಡುವುದೇ ಇದಕ್ಕೆ ಅನ್ನುವುದು ನನ್ನ ಅಭಿಪ್ರಾಯ. ಆರಿಸುವಾಗಲೂ ಇದನ್ನೇ ಕೇಳಿಕೊಳ್ಳುತ್ತೇನೆ: ಮನೆಯಲ್ಲಿ ಜನ ಓಡಿಸಿಬಿಡುವ, ಆದರೆ ಕತ್ತಲಲ್ಲಿ ಕೂತರೆ ಹಿಡಿದು ಕೂರಿಸುವ ಭಾಗ ಇದರಲ್ಲಿ ಇದೆಯಾ?

ಇದಕ್ಕೆ ಸ್ಪೀಕರ್ ಬೇಕೇ ಬೇಕು. ಪ್ರೊಜೆಕ್ಟರ್‌ಗಿಂತ ಸ್ಪೀಕರ್ ಬಾಡಿಗೆಗೆ ದುಡ್ಡು ಹಾಕಿ ಅಂತ ಹೊಸ ಬಳಗದವರಿಗೆ ಹೇಳುತ್ತಿರುತ್ತೇನೆ. 'ಅಕಿರಾ'ದಲ್ಲಿ ಇಂಡೊನೇಷ್ಯಾದ ಗ್ಯಾಮೆಲಾನ್ ಅನ್ನುವ ಕಂಚಿನ ವಾದ್ಯಮೇಳ ಮತ್ತು ಜಪಾನಿನ 'ನೋ' ಅನ್ನುವ ಹಳೆಯ ನಾಟಕದ ಹಾಡುಗಾರಿಕೆ ಎರಡೂ ಇವೆ. ಲ್ಯಾಪ್‌ಟಾಪಿನಲ್ಲಿ ಅದು ಬರೀ ಡಬ್ಬ ಬಡಿದ ಸದ್ದು.

ಸೀರೀಸ್‌ಗಳದ್ದು ಬೇರೆ ಕಥೆ. ಮೊದಲ ಎಪಿಸೋಡ್ ತೋರಿಸಿ 'ಉಳಿದಿದ್ದು ನೀವೇ ನೋಡ್ಕೊಳ್ಳಿ' ಅನ್ನುವುದು ನನಗೆ ಸರಿ ಕಾಣಲ್ಲ. ಒಂದೇ ಎಪಿಸೋಡಿನಲ್ಲಿ ಕಥೆ ಮುಗಿಯುವಂಥದ್ದು ಹುಡುಕುತ್ತೇನೆ. 'ಕೌಬಾಯ್ ಬೀಬಾಪ್'ನ (1998) 11ನೇ ಎಪಿಸೋಡ್ ನನ್ನ ಮೆಚ್ಚಿನದು: ಬಾಹ್ಯಾಕಾಶ ನೌಕೆಯ ಫ್ರಿಜ್‌ನಲ್ಲಿ ಮರೆತುಹೋದ ಒಂದು ಲಾಬ್‌ಸ್ಟರ್ ಕೊಳೆತು ಕೊಳೆತು ಒಂದು ಜೀವಿಯೇ ಆಗಿ ಎಲ್ಲರನ್ನೂ ಕಚ್ಚುತ್ತಾ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಇದ್ದವರಿಗೆ ವಿವರಣೆ ಬೇಕಾಗಿಲ್ಲ. ಹಿರಿಯರಿಗೆ 'ಮುಶಿಶಿ' (2005). ಅದರ ನಾಯಕ ಗಿಂಕೊ ಊರೂರು ಅಲೆಯುವ ನಾಟಿ ವೈದ್ಯರ ಹಾಗೆ. ಕಣ್ಣಿಗೆ ಕಾಣದ ಜೀವಗಳಿಂದ ಜನರಿಗೆ ಬರುವ ತೊಂದರೆ ನೋಡುತ್ತಾನೆ. ಮೊದಲ ಎಪಿಸೋಡಿನ ಹುಡುಗ ಎಡಗೈಯಲ್ಲಿ ಬರೆದಿದ್ದಕ್ಕೆಲ್ಲ ಜೀವ ಬರುತ್ತದೆ. ಹೊಡೆದಾಟ ಇಲ್ಲ, ಕಿರುಚಾಟ ಇಲ್ಲ. ಅನಿಮೆ ಅಂದರೆ ಬರೀ ಕೂಗಾಟ ಅಂದುಕೊಂಡ ಅಮ್ಮಂದಿರು ಈ ಎಪಿಸೋಡಿನ ನಂತರ ಮುಂದಿನ ತಿಂಗಳೂ ಬಂದಿದ್ದಾರೆ.

'ಫ್ರೀರೆನ್' (2023) ಹಾಕುವುದಾದರೆ ಮೊದಲ ನಾಲ್ಕು ಎಪಿಸೋಡ್ ಒಟ್ಟಿಗೇ ಹಾಕಬೇಕು. ಜಪಾನಿನ ಟೀವಿಯಲ್ಲೂ ಮೊದಲ ಸಲ ಎರಡು ಗಂಟೆಯ ವಿಶೇಷ ಕಾರ್ಯಕ್ರಮವಾಗಿ ಹಾಗೇ ತೋರಿಸಿದ್ದು. ರಾಕ್ಷಸ ರಾಜನನ್ನು ಕೊಂದಾದ ಮೇಲೆ ಶುರುವಾಗುವ ಕಥೆ ಅದು. ಸಾವಿರ ವರ್ಷ ಬದುಕಿದ ಫ್ರೀರೆನ್‌ಗೆ ಜೊತೆಗಾರರ ಜೊತೆ ಕಳೆದ ಹತ್ತು ವರ್ಷ ಏನೂ ಅಲ್ಲ ಅನ್ನಿಸಿರುತ್ತದೆ. ಐವತ್ತು ವರ್ಷ ಬಿಟ್ಟು ವಾಪಸ್ ಬಂದರೆ ಆ ಜೊತೆಗಾರರಲ್ಲಿ ಒಬ್ಬನಾದ ಹಿಮ್ಮೆಲ್ ಮುದುಕನಾಗಿದ್ದಾನೆ. ಒಂದೇ ಎಪಿಸೋಡಿಗೆ ನಿಲ್ಲಿಸಿದರೆ ಅವನ ಮಣ್ಣಿಗೆ ಹೋಗಿ ಬಂದ ಹಾಗೆ ಅನ್ನಿಸುತ್ತದೆ, ಅಷ್ಟೇ.

'ಪ್ರಿನ್ಸೆಸ್ ಮೊನೊನೊಕೆ' (1997) ಬಗ್ಗೆ ಒಂದು ಎಚ್ಚರ. ಟೊಟೊರೊ ನೋಡಿ ಖುಷಿಯಾದ ಮನೆಯವರು ಅದೇ ನಿರ್ದೇಶಕರದ್ದು ಅಂತ ಪುಟ್ಟ ಮಕ್ಕಳನ್ನು ಕರೆತರುತ್ತಾರೆ. ಇದರಲ್ಲಿ ಬಾಣ ತಗುಲಿ ಕೈ, ತಲೆ ಹಾರುತ್ತವೆ. ಪೋಸ್ಟರ್ ಮೇಲೆ ದೊಡ್ಡದಾಗಿ ಬರೆಯುತ್ತೇವೆ, ಬಾಗಿಲಲ್ಲಿ ಇನ್ನೊಮ್ಮೆ ಹೇಳುತ್ತೇವೆ.

ತುಂಬಾ ಜನ ಬಂದಿದ್ದು ಜಪಾನ್-ಭಾರತ ಸೇರಿ ಮಾಡಿದ ರಾಮಾಯಣಕ್ಕೆ. 1992ರದ್ದು. ಯುಗೊ ಸಾಕೊ, ಕೊಯಿಚಿ ಸಾಸಾಕಿ ಜೊತೆ ನಮ್ಮ ರಾಮ್ ಮೋಹನ್ ನಿರ್ದೇಶಿಸಿದ್ದು, ಸಂಗೀತ ವನರಾಜ್ ಭಾಟಿಯಾ. 2025ರ ಜನವರಿಯಲ್ಲಿ ಭಾರತದ ಥಿಯೇಟರ್‌ಗಳಿಗೂ ಬಂತು. 'ರಾಮಾಯಣ ಹೇಗಪ್ಪಾ ಫ್ಯಾಂಟಸಿ ಆಗುತ್ತೆ?' ಅಂತ ಒಬ್ಬ ತಾತ ಕೇಳಿದರು. ಆ ಚರ್ಚೆಗೆ ನಾನು ಕೈ ಹಾಕಲಿಲ್ಲ, ಪೋಸ್ಟರ್‌ನಲ್ಲಿ 'ವಿಶೇಷ ಪ್ರದರ್ಶನ' ಅಂತ ಬರೆದು ಸುಮ್ಮನಾದೆ.

ಹಕ್ಕಿನ ವಿಷಯ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಡಿವಿಡಿ ಇರುವುದು ಮನೆ ಬಳಕೆಗೆ. ಓಟಿಟಿ ಚಂದಾ ಕಟ್ಟಿದ್ದೀವಿ ಅಂತ ಹಾಲ್‌ನಲ್ಲಿ ಹಾಕಲು ಬರುವುದಿಲ್ಲ, ಟಿಕೆಟ್ ಇಡದಿದ್ದರೂ ಅಷ್ಟೇ. ಹಕ್ಕು ಯಾರ ಕೈಯಲ್ಲಿದೆ ಅಂತ ಹುಡುಕಿ ಮೇಲ್ ಬರೆಯಬೇಕು: ಯಾವ ದಿನ, ಎಷ್ಟು ಕುರ್ಚಿ, ಟಿಕೆಟ್ ಇದೆಯೋ ಇಲ್ಲವೋ. ಕೆಲವರು ಉತ್ತರಿಸುತ್ತಾರೆ, ಕೆಲವರು ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ದೆಹಲಿಯಲ್ಲಿರುವ ಜಪಾನ್ ಫೌಂಡೇಶನ್ ಕಚೇರಿಯನ್ನೂ ಕೇಳಿ ನೋಡಬಹುದು. ಅವರು ನಡೆಸುವ ಜಪಾನಿ ಸಿನಿಮಾ ಉತ್ಸವ ಬೆಂಗಳೂರಿಗೂ ಬಂದಿದೆ. ಹೊಚ್ಚ ಹೊಸ ಸಿನಿಮಾಗಳಿಗೆ ನಾವು ಕೈ ಹಾಕುವುದಿಲ್ಲ. 2019ರಲ್ಲಿ ಅಭಿಮಾನಿಗಳು ಆನ್‌ಲೈನ್ ಮನವಿಗೆ ಸಹಿ ಹಾಕಿ ಹಾಕಿ ಶಿಂಕಾಯ್ ಅವರ 'ವೆದರಿಂಗ್ ವಿತ್ ಯು' ಭಾರತದ ಥಿಯೇಟರ್‌ಗೆ ಬರುವಂತೆ ಮಾಡಿದ ಮೇಲೆ ದಾರಿ ತೆರೆದುಕೊಂಡಿದೆ. ಅಂಥವಕ್ಕೆ ಗುಂಪು ಕಟ್ಟಿಕೊಂಡು ಥಿಯೇಟರ್‌ಗೇ ಹೋಗುತ್ತೇವೆ.

ಸಿನಿಮಾ ಮುಗಿದ ತಕ್ಷಣ ಮೈಕ್ ಹಿಡಿದು 'ಹೇಗನ್ನಿಸಿತು?' ಅಂತ ಕೇಳಬಾರದು. ದೀಪ ಹಾಕಿ, ಚಹಾ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟುಬಿಡಬೇಕು. ಸತೋಶಿ ಕೋನ್ ಅವರ 'ಪಾಪ್ರಿಕಾ' (2006) ಹಾಕಿದ ದಿನ ಫ್ಯಾನ್‌ಗಳು ಯಾವುದು ಕನಸು ಯಾವುದು ನನಸು ಅಂತ ಮೂಲೆಯಲ್ಲಿ ಕಿತ್ತಾಡುತ್ತಿದ್ದರು. ಗೊಂಬೆ, ಕಪ್ಪೆ, ಫ್ರಿಜ್ ಎಲ್ಲ ಮೆರವಣಿಗೆ ಹೊರಡುವ ಸಿನಿಮಾ ಅದು. ಒಬ್ಬರ ತಾಯಿ ಲೋಟ ಕೆಳಗಿಟ್ಟು, 'ನಂಗೂ ಇಂಥ ಕನಸು ಬೀಳುತ್ತೆ ಕಣಪ್ಪಾ, ಆದ್ರೆ ನಮ್ಮ ಫ್ರಿಜ್ ನಡೆಯಲ್ಲ' ಅಂದರು. ಆಮೇಲೆ ಚರ್ಚೆ ಅವರ ಸುತ್ತಲೇ ನಡೆಯಿತು.

ಮುಂದಿನ ಪಟ್ಟಿಯಲ್ಲಿ ಮೂರು ಬಿಡಿ ಕಥೆಗಳ 'ಮೆಮೊರೀಸ್' (1995) ಇದೆ. ಅದರ ಮೊದಲ ಕಥೆ 'ಮ್ಯಾಗ್ನೆಟಿಕ್ ರೋಸ್'ಗೆ ಚಿತ್ರಕಥೆ ಬರೆದಿದ್ದೂ ಸತೋಶಿ ಕೋನ್ ಅವರೇ. ಹಕ್ಕು ಕೇಳಿ ಬರೆದಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ 'ಮುಶಿಶಿ'ಯ ಇನ್ನೆರಡು ಎಪಿಸೋಡ್ ಹಾಕೋಣ ಅಂದುಕೊಂಡಿದ್ದೇವೆ.