ಮಾಡ್ಯುಲರ್ ಎಸ್‌ಎಂಪಿಎಸ್ ತಗೊಂಡ್ರಾ? ಕ್ಯಾಬಿನೆಟ್ ಮುಚ್ಚೋಕ್ ಮುಂಚೆ ಇಷ್ಟ್ ನೋಡ್ರಿ

ಎಸ್‌ಎಂಪಿಎಸ್ ಅಂದ್ರೆ ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಪವರ್ ಸಪ್ಲೈ, ಮಾಡ್ಯುಲರ್ ಅಂದ್ರೆ ಅದರ ಕೇಬಲ್ ಬಿಚ್ಚಿ ಹಾಕೋ ಥರದ್ದು. ಹೊಸ ಎಸ್‌ಎಂಪಿಎಸ್ ಮನೆಗೆ ಬಂದ ದಿನಾನೇ ಹಳೇದರ ಕೇಬಲ್ ಎಲ್ಲಾ ಒಂದು ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಅಟ್ಟದ ಮೇಲೆ ಎಸೀರಿ. ಇದು ಮೊದಲನೇ ಕೆಲಸ, ಡಬ್ಬಿ ಬಿಚ್ಚೋದಕ್ಕಿಂತ ಮುಂಚೆ. ನಾನು ಇದನ್ನ ದುಡ್ಡು ಕೊಟ್ಟು ಕಲ್ತಿದ್ದು. ಹಳೇ ಮಾಡ್ಯುಲರ್ ಸಪ್ಲೈ ಕೆಟ್ಟಿತ್ತು, ಹೊಸದು ತಂದೆ, ಡಿಸ್ಕ್‌ಗೆ ಕರೆಂಟ್ ಕೊಡೋ ಸಾಟಾ ಕೇಬಲ್ ಆಗ್ಲೇ ಕ್ಯಾಬಿನೆಟ್ ಹಿಂದೆ ನೀಟಾಗಿ ಟೈ ಹಾಕಿ ಕೂರ್ಸಿದ್ನಲ್ಲ, ಮತ್ತೆ ಯಾಕ್ ಬಿಚ್ಚೋದು ಅಂತ ಅದೇ ಕೇಬಲ್ಲನ್ನ ಹೊಸ ಸಪ್ಲೈಗೆ ಚುಚ್ಚಿದೆ, ಕರೆಕ್ಟಾಗಿ ಟಕ್ ಅಂತ ಕೂತ್ಕೊಂತು. ಸ್ವಿಚ್ ಹಾಕಿದ್ದೇ ತಡ, 2 ಟಿಬಿ ಹಾರ್ಡ್ ಡಿಸ್ಕ್ ಹೋಯ್ತು, ತಂಗಿ ಮದುವೆ ಫೋಟೋ ಸಮೇತ. ತಂಗಿ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ.

ಆಗಿದ್ದೇನು ಅಂದ್ರೆ, ಡಿಸ್ಕ್ ಕಡೆ, ಮದರ್‌ಬೋರ್ಡ್ ಕಡೆ ಪ್ಲಗ್‌ಗೆಲ್ಲಾ ಒಂದು ಸ್ಟ್ಯಾಂಡರ್ಡ್ ಐತೆ, ಆದ್ರೆ ಸಪ್ಲೈ ಕಡೆ ಯಾವ ಪಿನ್ನಲ್ಲಿ 12 ವೋಲ್ಟ್, ಯಾವುದ್ರಲ್ಲಿ 5, ಯಾವುದು ಗ್ರೌಂಡ್ ಅನ್ನೋದು ಒಂದೊಂದು ಕಂಪನಿದು ಒಂದೊಂದು ಥರ, ಒಂದೇ ಕಂಪನಿಯ ಎರಡು ಮಾಡೆಲ್ ಕೂಡ ಹೊಂದ್ದೇ ಇರಬಹುದು. ಪ್ಲಗ್ ಆಕಾರ ಒಂದೇ ಇರುತ್ತೆ, ಅದಕ್ಕೇ ಮೋಸ ಹೋಗ್ತೀವಿ. 5 ವೋಲ್ಟ್ ಹೋಗ್ಬೇಕಾದ ಜಾಗಕ್ಕೆ 12 ವೋಲ್ಟ್ ಹೋದ್ರೆ ಡಿಸ್ಕ್ ಉಳಿಯೋದು ಎಲ್ಲಿಂದ? ಹಂಗಾಗಿ ಸೆಕೆಂಡ್ ಹ್ಯಾಂಡ್ ಮಾಡ್ಯುಲರ್ ಸಪ್ಲೈ ಕೊಡೋಕ್ ಬಂದವ್ರು "ಕೇಬಲ್ ಇಲ್ಲ, ಬೇರೇದು ಹಾಕ್ಕೊಳ್ಳಿ" ಅಂದ್ರೆ ಅದು ಎಷ್ಟೇ ಅಗ್ಗ ಇರ್ಲಿ ಬ್ಯಾಡ್ರಿ.

ಈಗ ಡಬ್ಬಿ ಬಿಚ್ರಿ. ಸಪ್ಲೈ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತೆ, ಅಲ್ಲಿ ದೊಡ್ಡಕ್ಷರದಲ್ಲಿರೋ ವಾಟ್ ಬಿಟ್ಟು ಸಣ್ಣ ಟೇಬಲ್ ಓದ್ರಿ, ಅದ್ರಲ್ಲೂ 12 ವೋಲ್ಟ್ ಸಾಲು. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನೋದು 12 ವೋಲ್ಟೇ. 550 ವಾಟ್‌ದು ಅಂದ್ರೆ ಆ ಸಾಲಲ್ಲಿ 45 ಆಂಪ್ ಹತ್ರ ಇರ್ಬೇಕು, 45 ಇಂಟು 12 ಅಂದ್ರೆ 540, ಲೆಕ್ಕ ಸರಿ. ಹೊರಗೆ 450 ಅಂತ ಬರ್ದು ಒಳಗೆ 12 ವೋಲ್ಟ್‌ಗೆ 16 ಆಂಪ್ ಅಂತಿದ್ರೆ ಅದು ಗಟ್ಟಿಯಾಗಿ ಕೊಡೋದು 192 ವಾಟ್ ಅಷ್ಟೇ, ಉಳಿದಿದ್ದು ಡಬ್ಬಿ ಮೇಲಿನ ಜಂಬ. ಹಂಗಂತ ಎಲ್ಲರೂ 850, 1000 ತಗೋಬೇಕು ಅಂತಿಲ್ಲ. ಆರ್‌ಟಿಎಕ್ಸ್ 4060 ಕಾರ್ಡ್ 115 ವಾಟ್, ರೈಜನ್ 5 7600 ಪ್ರೊಸೆಸರ್ ಜಾಸ್ತಿ ಅಂದ್ರೆ 88 ವಾಟ್, ಬೋರ್ಡು ಫ್ಯಾನು ಡಿಸ್ಕು ಸೇರಿ ಇನ್ನೊಂದ್ 60, ಒಟ್ಟು 270 ಒಳಗೇ ಮುಗೀತು, ಒಳ್ಳೇ 550 ಧಾರಾಳ ಸಾಕು. ದೊಡ್ಡ ಕಾರ್ಡ್ ಇರೋರು ಮಾತ್ರ ಎಟಿಎಕ್ಸ್ (ಸಪ್ಲೈಗಳ ಸ್ಟ್ಯಾಂಡರ್ಡ್) 3.0 ಇಲ್ಲ 3.1 ಅಂತ ಬರೆದಿರೋದು ನೋಡ್ರಿ, ಯಾಕಂದ್ರೆ ಆ ಕಾರ್ಡ್‌ಗಳು ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತಲ್ಲಿ ಹೇಳಿದ್ದರ ದುಪ್ಪಟ್ಟು ಎಳೀತಾವೆ, ಹಳೇ ಡಿಸೈನ್ ಸಪ್ಲೈ ಅದನ್ನ ಓವರ್‌ಲೋಡ್ ಅನ್ಕೊಂಡು ಪಟ್ ಅಂತ ಆಫ್ ಆಗುತ್ತೆ.

ಗೋಲ್ಡ್, ಬ್ರಾಂಜ್ ವಿಷ್ಯ. ಇವು 80 ಪ್ಲಸ್ ಅನ್ನೋ ಟೆಸ್ಟ್ ಕೊಡೋ ದರ್ಜೆ, ಸಪ್ಲೈ ಎಷ್ಟು ಕಮ್ಮಿ ಕರೆಂಟ್ ವೇಸ್ಟ್ ಮಾಡುತ್ತೆ ಅಂತ ಹೇಳ್ತಾವೆ. ಅಂಗಡಿಲಿ "ಗೋಲ್ಡ್ ತಗೊಳ್ರಿ ಸಾರ್, ಕರೆಂಟ್ ಬಿಲ್ ಉಳಿಯುತ್ತೆ" ಅಂತಾರೆ. ಲೆಕ್ಕ ಹಾಕಿ ನೋಡಾಣ. ಕಂಪ್ಯೂಟರ್ 300 ವಾಟ್ ಎಳೀತಿದ್ರೆ 90 ಪರ್ಸೆಂಟ್ ಎಫಿಷಿಯನ್ಸಿದು ಗೋಡೆಯಿಂದ 333 ತಗೊಳುತ್ತೆ, 85 ಪರ್ಸೆಂಟ್‌ದು 353. ವ್ಯತ್ಯಾಸ 20 ವಾಟ್. ದಿನಾ 4 ತಾಸು ಗೇಮ್ ಆಡಿದ್ರೂ ವರ್ಷಕ್ಕೆ 29 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಅಂತ ಹಿಡ್ಕೊಂಡ್ರೆ 200 ರೂಪಾಯಿ ಚಿಲ್ಲರೆ, ನಾಲ್ಕು ಜನ ಬೆಣ್ಣೆ ದೋಸೆ ತಿಂದು ಎದ್ರೆ ಮುಗೀತು. ಗೋಲ್ಡ್ ಬೇಕು ಅನ್ನೋದು ಬಿಲ್ಲಿಗಲ್ಲ, ಬಿಸಿಗೆ. ಆ 20 ವಾಟ್ ಡಬ್ಬಿ ಒಳಗೇ ಕಾವಾಗಿ ಕೂರುತ್ತೆ. 80 ಪ್ಲಸ್ ಟೆಸ್ಟ್ ಮಾಡೋದು 23 ಡಿಗ್ರಿ ರೂಮಲ್ಲಿ, ನಮ್ಮ ದಾವಣಗೆರೆಲಿ ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಕೆಳಗಿರೋ ರೂಮಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ. ಅದಕ್ಕೆ ಪೂರ್ತಿ ವಾಟ್ ಎಷ್ಟು ಡಿಗ್ರಿವರೆಗೆ ಕೊಡ್ತೀವಿ ಅಂತ ಬರೆದವ್ರೆ ನೋಡ್ರಿ, 40 ಅಂತಿರೋದಕ್ಕಿಂತ 50 ಅಂತಿರೋದು ನಮಗೆ ಸರಿ. ಒಳಗಿನ ಕೆಪಾಸಿಟರ್ (ಕರೆಂಟ್ ಕೂಡಿಡೋ ಭಾಗ) 105 ಡಿಗ್ರಿದು ಅಂತಿದ್ರೆ ಇನ್ನೂ ಒಳ್ಳೇದು. ಧೂಳಿನ ಮಾತು ಬೇರೆ, ಮಂಡಕ್ಕಿ ಭಟ್ಟಿ ಕಡೆ ಮನೆ ಇರೋರಿಗಂತೂ ಮಸಿ ಬಗ್ಗೆ ನಾನೇನ್ ಹೇಳೋದು, ಫ್ಯಾನ್ ಕೆಳಮುಖ ಹಾಕಿ ಅಡಿಗೆ ಫಿಲ್ಟರ್ ಇಡ್ರಿ, ಕ್ಯಾಬಿನೆಟ್ ನೆಲಕ್ಕೆ ಇಡಬ್ಯಾಡ್ರಿ.

ಇನ್ನು ಟೆಸ್ಟು. ಮೊದಲು ಗೋಡೆಯ ಸಾಕೆಟ್‌ದು, ಆಮೇಲೆ ಸಪ್ಲೈದು. ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ ಅಂತ ಐತಾ? ಬಹಳ ಜನ ಎಸ್‌ಎಂಪಿಎಸ್ಸೇ ಕೆಟ್ಟದ್ದು ಅಂತ ವಾಪಸ್ ಕಳಿಸ್ತಾರೆ, ಆದ್ರೆ ಸಾಮಾನ್ಯವಾಗಿ ತಪ್ಪು ಅರ್ಥಿಂಗ್‌ದು. ಸಪ್ಲೈ ಒಳಗೆ ಫಿಲ್ಟರ್‌ಗೆ ಅಂತ ಎರಡು ಸಣ್ಣ ಕೆಪಾಸಿಟರ್ ಇರ್ತಾವೆ, ಅವು ಫೇಸು ನ್ಯೂಟ್ರಲ್ ಎರಡರಿಂದಾನೂ ಬಾಡಿಗೆ ಸೇರಿರ್ತಾವೆ, ಅರ್ಥ್ ವೈರ್ ಇಲ್ಲದಿದ್ರೆ ಬಾಡಿ ಮೇಲೆ 230ರ ಅರ್ಧ ಬಂದು ನಿಲ್ಲುತ್ತೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೇಲಿನ ತೂತಿಗೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎಷ್ಟು ತೋರಿಸುತ್ತೆ ಅಂತ ಅಳೆಸ್ರಿ. ಮೊದಲನೇದು 230 ಹತ್ರ, ಎರಡನೇದು ಒಂದೆರಡು ವೋಲ್ಟ್ ಇದ್ರೆ ಸರಿ. ಹಂಗೇ ಸಪ್ಲೈ ಮೇಲೆ ಇನ್‌ಪುಟ್ 100ರಿಂದ 240 ಅಂತ ಇರೋದನ್ನೇ ಆರಿಸ್ರಿ. 200ರಿಂದ 240 ಅಂತಿರೋದು, ಸಂಜೆ ಅಕ್ಕಪಕ್ಕದವ್ರೆಲ್ಲಾ ಟ್ಯಾಂಕಿಗೆ ಮೋಟ್ರು ಹಾಕಿದಾಗ ಲೈಟ್ ಮಂಕಾಗುತ್ತಲ್ಲ, ಆಗ ಕೈ ಕೊಡಬಹುದು.

ಮದರ್‌ಬೋರ್ಡಿಗೆ ಕನೆಕ್ಟ್ ಮಾಡೋಕ್ ಮುಂಚೆ ಸಪ್ಲೈನ ಒಂಟಿಯಾಗಿ ಆನ್ ಮಾಡ್ರಿ. 24 ಪಿನ್ ಪ್ಲಗ್‌ನಲ್ಲಿ ಸಪ್ಲೈನ ಆನ್ ಮಾಡೋ 16ನೇ ಪಿನ್ನು, ಪಕ್ಕದ 17ನೇ ಗ್ರೌಂಡ್, ಇವೆರಡನ್ನ ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಹಿಂದಿನ ಸ್ವಿಚ್ ಹಾಕ್ರಿ. ಹಳೇ ಬಣ್ಣದ ವೈರ್ ಆಗಿದ್ರೆ ಹಸಿರು ಮತ್ತೆ ಕಪ್ಪು ಅಂತ ಗೊತ್ತಾಗ್ತಿತ್ತು, ಈಗಿನವು ಎಲ್ಲಾ ಕಪ್ಪೇ, ಮ್ಯಾನುವಲ್ ಚಿತ್ರ ನೋಡಿ ಎಣಿಸ್ರಿ, ಅಂದಾಜಿಗೆ ಚುಚ್ಚಬ್ಯಾಡ್ರಿ. ಫ್ಯಾನ್ ತಿರುಗಲಿಲ್ಲ ಅಂತ ಗಾಬರಿ ಆಗೋದೂ ಬ್ಯಾಡ, ಲೋಡ್ ಕಮ್ಮಿ ಇದ್ದಾಗ ಫ್ಯಾನ್ ನಿಲ್ಲಿಸೋ ಮಾಡೆಲ್ ಬಹಳ ಅದಾವೆ. ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್‌ಗೆ ಮಲ್ಟಿಮೀಟರ್ ಹಿಡೀರಿ, ಮಧ್ಯದ ಎರಡು ಗ್ರೌಂಡ್, ಒಂದು ತುದಿ 12, ಇನ್ನೊಂದು ತುದಿ 5. 11.4ರಿಂದ 12.6 ಒಳಗೆ, 4.75ರಿಂದ 5.25 ಒಳಗೆ ಇದ್ರೆ ಪಾಸ್. ಏನೇ ಆಗ್ಲಿ ಸಪ್ಲೈ ಡಬ್ಬಿಯ ಸ್ಕ್ರೂ ಮಾತ್ರ ಬಿಚ್ಚಬ್ಯಾಡ್ರಿ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ರ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು.

ಜೋಡಿಸುವಾಗ ಪ್ರತಿ ಪ್ಲಗ್ಗೂ ಟಕ್ ಅನ್ನೋವರೆಗೂ ಒತ್ರಿ, ಒತ್ತಿ ಆದಮೇಲೆ ಒಂಚೂರು ಎಳೆದು ನೋಡ್ರಿ. ಸಿಪಿಯು ಕೇಬಲ್ಲೂ ಗ್ರಾಫಿಕ್ಸ್ ಕೇಬಲ್ಲೂ ಎರಡೂ 8 ಪಿನ್ನೇ ಆದ್ರೂ ಬೇರೆ ಬೇರೆ, ಕೂರದಿದ್ರೆ ಬಲ ಹಾಕಬ್ಯಾಡ್ರಿ. ಒಂದು 8 ಪಿನ್ ಪ್ಲಗ್ 150 ವಾಟ್‌ಗೆ ಅಂತ ಲೆಕ್ಕ, ಕಾರ್ಡಲ್ಲಿ ಅಂಥವು ಎರಡಿದ್ರೆ ಒಂದೇ ಕೇಬಲ್ಲಿನ ಎರಡು ತಲೆ ಹಾಕೋ ಬದಲು ಸಪ್ಲೈಯಿಂದ ಎರಡು ಬೇರೆ ಕೇಬಲ್ ಎಳೀರಿ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ 16 ಪಿನ್ನಿನ ಹೊಸ ಪ್ಲಗ್ ಅರ್ಧ ಕೂತ್ರೆ ಕರಗಿ ಹೋಗಬಹುದು, 2022ರಿಂದ ಎಷ್ಟು ಜನರ ದುಬಾರಿ ಕಾರ್ಡ್ ಹಿಂಗೇ ಸುಟ್ಟಿದಾವೆ.

ಆಮೇಲೆ ಒಂದು ಅರ್ಧ ಗಂಟೆ ಪೂರ್ತಿ ಲೋಡ್ ಹಾಕ್ರಿ, ಓಸಿಸಿಟಿ ಅಂತ ಸಾಫ್ಟ್‌ವೇರ್‌ನಲ್ಲಿ ಪವರ್ ಟೆಸ್ಟ್ ಐತೆ. ವೋಲ್ಟ್ ಮಾತ್ರ ಸಾಫ್ಟ್‌ವೇರ್ ತೋರಿಸೋದನ್ನ ನಂಬದೆ ಅದೇ ಮೋಲೆಕ್ಸ್‌ಗೆ ಮೀಟರ್ ಹಿಡಿದು ನೋಡ್ರಿ. ಖಾಲಿ ಇದ್ದಾಗ 12.1 ಇದ್ದಿದ್ದು ಲೋಡಲ್ಲಿ 12.0 ಆದ್ರೆ ಖುಷಿ, 11.5ಕ್ಕೆ ಇಳಿದ್ರೆ ಲೆಕ್ಕದ ಪ್ರಕಾರ ಪಾಸಾದ್ರೂ ನಾನಾಗಿದ್ರೆ ವಾಪಸ್ ಕೊಡ್ತಿದ್ದೆ. ಸಪ್ಲೈ ಕಡೆ ಪ್ಲಗ್ ಮುಟ್ಟಿ ನೋಡ್ರಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗ್ಲಿಲ್ಲ ಅಂದ್ರೆ ಆಫ್ ಮಾಡ್ರಿ. ಸಣ್ಣಗೆ ಚೀ ಅನ್ನೋ ಸದ್ದು ಬಂದ್ರೆ ಅದು ಕಾಯಿಲ್‌ದು, ಕಿರಿಕಿರಿ ಹೌದು ಅಪಾಯ ಅಲ್ಲ.

ನಮ್ಮೂರಿನೋರಿಗೆ ಬೇಕೇಬೇಕಾದ ಕೊನೇ ಟೆಸ್ಟು, ಕರೆಂಟ್ ತೆಗೆಯೋ ಟೆಸ್ಟು. ಮುಖ್ಯ ಫೈಲ್ ಯಾವುದೂ ತೆರೆದಿರಬಾರ್ದು, ಗೇಮ್ ಓಡ್ತಿರಬೇಕು, ಕಂಪ್ಯೂಟರ್ ಇನ್ವರ್ಟರ್ ಲೈನಲ್ಲಿರಬೇಕು, ಆಗ ಮೇನ್ ಸ್ವಿಚ್ ಆಫ್ ಮಾಡ್ರಿ. ಇನ್ವರ್ಟರ್ ಕೈಗೆ ತಗೊಳ್ಳೋಕೆ ಕೆಲವು ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಸಪ್ಲೈ ತನ್ನ ಒಳಗಿನ ಕೆಪಾಸಿಟರ್ ಮೇಲೇ ಬದುಕಬೇಕು. ಎಟಿಎಕ್ಸ್ 3.0 ಪ್ರಕಾರ 80 ಪರ್ಸೆಂಟ್ ಲೋಡಲ್ಲಿ 17 ಮಿಲಿಸೆಕೆಂಡ್, ಪೂರ್ತಿ ಲೋಡಲ್ಲಿ 12 ತಡ್ಕೋಬೇಕು. ಹತ್ತು ಸಲ ಮಾಡ್ರಿ, ಒಂದು ಸಲ ತಡ್ಕೊಂಡ್ರೆ ಸಾಲಲ್ಲ. ಅಕ್ಕನ ಮಗ ಮೊನ್ನೆ ತಂದಿದ್ದ 750 ವಾಟ್‌ದು ಮೊದಲ ಮೂರು ಸಲಾನೂ ರೀಸ್ಟಾರ್ಟ್ ಆಯ್ತು, "ಮಾಮ, ಇದು ಡಬ್ಬಾ" ಅಂತ ಪ್ಯಾಕ್ ಮಾಡೋಕೆ ಕೂತಿದ್ದ. ಇನ್ವರ್ಟರ್ ಹಿಂದೆ ನೋಡಿದ್ರೆ ಸ್ವಿಚ್ಚು ನಾರ್ಮಲ್ ಮೋಡಲ್ಲಿತ್ತು, ಬೇಗ ಬದಲಾಗೋ ಯುಪಿಎಸ್ ಮೋಡಿಗೆ ತಿರುಗಿಸಿದ ಮೇಲೆ ಹತ್ತಕ್ಕೆ ಹತ್ತೂ ಪಾಸು. ನಿಮ್ಮದು ಯುಪಿಎಸ್ ಮೋಡಲ್ಲೂ ಬಿತ್ತು ಅಂದ್ರೆ, ಇನ್ವರ್ಟರ್ ಸೈನ್ ವೇವ್‌ದಾ (ಮೇನ್ ಲೈನಿನ ಕರೆಂಟಿನ ಥರಾನೇ ನಯವಾದ ಅಲೆ ಕೊಡೋದಾ) ಅಲ್ವಾ ಅಂತ ವಿಚಾರಿಸಿ, ಪಕ್ಕದ ಮನೆ ಒಳ್ಳೇ ಯುಪಿಎಸ್ ಮೇಲೆ ಒಂದ್ಸಲ ನೋಡಿ, ಅಲ್ಲೂ ಬಿದ್ರೆ ಮಾತ್ರ ಸಪ್ಲೈ ವಾಪಸ್.

ಇದನ್ನೆಲ್ಲಾ ವಾಪಸ್ ತಗೊಳ್ಳೋ ದಿನ ಮುಗಿಯೋದ್ರೊಳಗೆ ಮಾಡ್ರಿ, ಡಬ್ಬಿ, ಥರ್ಮಕೋಲ್ ಅಲ್ಲೀವರೆಗೂ ಎಸೀಬ್ಯಾಡ್ರಿ. ಬಿಲ್ಲು ನುಣುಪು ಕಾಗದದ್ದಾದ್ರೆ ಅಕ್ಷರ ವರ್ಷದಲ್ಲಿ ಅಳಿಸಿಹೋಗುತ್ತೆ, ವಾರಂಟಿ 5, 7 ವರ್ಷ ಇರುತ್ತೆ, ಅದಕ್ಕೆ ಬಿಲ್ಲು, ಸೀರಿಯಲ್ ನಂಬರ್ ಎರಡರದ್ದೂ ಫೋಟೋ ತೆಗೆದು ಫೋನಲ್ಲೂ ಇಟ್ಕೊಳ್ರಿ, ಮೇಲ್‌ಗೂ ಕಳಿಸ್ಕೊಳ್ರಿ.