ನೀರು ನೆತ್ತಿಗೆ ಹತ್ತುತ್ತಿದ್ದರೆ ಗದ್ದ ತಗ್ಗಿಸಿ ನುಂಗಲಿ

ಲಕ್ವ ಹೊಡೆದ ಮೇಲೆ ನೀರು, ಕಾಫಿ ಕುಡಿದಾಗಲೆಲ್ಲ ನೆತ್ತಿಗೆ ಹತ್ತುವವರು ಮನೆಯಲ್ಲಿದ್ದರೆ, ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆ ತಗ್ಗಿಸಿಕೊಂಡೇ ನುಂಗಲು ಹೇಳಿ. ಹಾಗೆ ತಗ್ಗಿಸಿದಾಗ ನಾಲಿಗೆಯ ಬುಡ ಹಿಂದೆ ಸರಿದು ಶ್ವಾಸನಾಳದ ಬಾಯಿ ಕಿರಿದಾಗುತ್ತದೆ. ನುಂಗುವ ಮೊದಲೇ ನೀರು ಅತ್ತ ಜಾರುವುದು ಕಡಿಮೆ. ಎಂಜಲಾಗಬಾರದೆಂದು ಲೋಟ ಎತ್ತಿ ಕುಡಿಯುವ ರೂಢಿ ನಮ್ಮಲ್ಲಿದೆಯಲ್ಲ, ಇವರಿಗೆ ಅದು ಬೇಡವೇ ಬೇಡ, ಕಚ್ಚಿಯೇ ಕುಡಿಯಲಿ. ಲೋಟ ಅಗಲ ಬಾಯಿಯದ್ದಿರಲಿ, ಅರ್ಧಕ್ಕಿಳಿದರೆ ಮತ್ತೆ ತುಂಬಿಸಿ; ತಳ ಬರುವಷ್ಟರಲ್ಲಿ ತಲೆ ತಾನಾಗಿ ಹಿಂದಕ್ಕೆ ವಾಲುತ್ತದೆ. ತಿನ್ನಿಸುವವರೂ ಕೂತೇ ತಿನ್ನಿಸಿ, ನಿಂತರೆ ಅವರು ಮುಖ ಎತ್ತಬೇಕಾಗುತ್ತದೆ. ಊಟವಾದ ಮೇಲೆ 30 ನಿಮಿಷ ಮಲಗಿಸಬೇಡಿ. ಆದರೆ ಗದ್ದ ತಗ್ಗಿಸಿ ನುಂಗುವುದು ಎಲ್ಲರಿಗೂ ಆಗಿಬರುವುದಿಲ್ಲ. ತುಟಿ ಸರಿಯಾಗಿ ಮುಚ್ಚದವರಿಗೆ ತುತ್ತು ಹೊರಗೇ ಬೀಳುತ್ತದೆ. ನುಂಗಿದ ಮೇಲೂ ಗಂಟಲಲ್ಲಿ ಅನ್ನ ಉಳಿಯುವವರಿಗೆ ಕೆಲವೊಮ್ಮೆ ತೊಂದರೆಯೇ ಹೆಚ್ಚು. ಕೆಮ್ಮಿಲ್ಲ ಅಂದಮಾತ್ರಕ್ಕೆ ಸರಿಹೋಯಿತು ಅಂದುಕೊಳ್ಳಬೇಡಿ, ಕೆಲವರಿಗೆ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಊಟದ ನಂತರ ದನಿ ಗೊರಗೊರ ಅಂದರೆ, ಪದೇಪದೇ ಜ್ವರ ಬಂದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ.